ಅಕ್ಕನ ತೊಗರಿ, ನನ್ನ ರೂಪಾಯಿ ಪಾಠ

ಆಳಂದದ ಪದವಿಪೂರ್ವ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಹೇಳಲು ತೊಡಗಿ ಇಪ್ಪತ್ತು ವರ್ಷದ ಮೇಲಾಯಿತು. ವರ್ಷಕ್ಕೊಮ್ಮೆ ಒಂದು ಪಾಠ ತಪ್ಪದೆ ಬರುತ್ತದೆ: ರೂಪಾಯಿ ಸೊರಗಿ, ಪೇಟೆಯ ಧಾರಣೆ ಏರಿದಾಗ ಸರಕಾರ ಏನೇನು ಮಾಡುತ್ತದೆ? ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಬೋರ್ಡಿನ ಎಡಕ್ಕೆ ರೂಪಾಯಿ, ಬಲಕ್ಕೆ ಡಾಲರು, ನಡುವೆ ಒಂದು ಬಾಣ. ರೂಪಾಯಿ ಇಳಿದರೆ ಹೊರದೇಶದ ಎಣ್ಣೆ ತುಟ್ಟಿ. ಎಣ್ಣೆ ತುಟ್ಟಿಯಾದರೆ ಲಾರಿ ಬಾಡಿಗೆ ತುಟ್ಟಿ. ಬಾಡಿಗೆ ಏರಿದರೆ ಉಳ್ಳಾಗಡ್ಡಿಯಿಂದ ಉಪ್ಪಿನ ತನಕ ಎಲ್ಲವೂ ತುಟ್ಟಿ. ಆಗ ದೇಶದ ದೊಡ್ಡ ಬ್ಯಾಂಕು ಬಡ್ಡಿ ಏರಿಸುತ್ತದೆ, ಜನ ಸಾಲ ತಂದು ಕೊಳ್ಳುವುದು ಕಡಿಮೆಯಾಗಲಿ ಎಂದು. ಕೂಡಿಟ್ಟ ಡಾಲರನ್ನು ಮಾರಿ ರೂಪಾಯಿಯನ್ನು ಹಿಡಿದು ನಿಲ್ಲಿಸಲು ನೋಡುತ್ತದೆ. ಸರಕಾರ ಬಂಗಾರದ ಮೇಲೆ ಸುಂಕ ಏರಿಸುತ್ತದೆ, ಇದ್ದಬದ್ದ ಡಾಲರು ಬಂಗಾರಕ್ಕೇ ಸುರಿದು ಹೋಗದಿರಲಿ ಎಂದು. ಬೇಳೆಕಾಳಿನ ಸುಂಕ ತೆಗೆದು ಹಡಗಿನಲ್ಲಿ ತರಿಸುತ್ತದೆ. ವ್ಯಾಪಾರಿಗಳು ಗೋದಾಮಿನಲ್ಲಿ ಇಷ್ಟೇ ಇಡಬೇಕೆಂದು ಮಿತಿ ಹಾಕುತ್ತದೆ. ಐದು ಅಂಶ, ಐದು ಅಂಕ. ಮಕ್ಕಳು ಗೆರೆ ಎಳೆದು ಬರೆದುಕೊಳ್ಳುತ್ತವೆ, ನಾನು ಕೈಗಂಟಿದ ಸುಣ್ಣದ ಪುಡಿ ಝಾಡಿಸಿ ಹೊರಗೆ ಬರುತ್ತೇನೆ.

ಈ ಐದರಲ್ಲಿ ಕೊನೆಯ ಮೂರು ಸೇರಿಕೊಂಡು ನನ್ನ ಅಕ್ಕನ ಮನೆಗೆ ಬಂದವು. ಕರೆದುಕೊಂಡು ಹೋದವಳು ನಾನೇ.

ನಾವಿಬ್ಬರೂ ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಿ ಹುಟ್ಟಿದವರು. ಅಕ್ಕನನ್ನು ಜೇವರ್ಗಿ ಕಡೆಯ ಕೊಳಕೂರಿಗೆ ಕೊಟ್ಟರು. ನಾನು ಓದು, ನೌಕರಿ ಎಂದು ಆಳಂದಕ್ಕೆ ಬಂದು ಅಲ್ಲಿಯೇ ನಿಂತೆ. ನಮ್ಮ ಅವ್ವ ಹಾಕಿಕೊಟ್ಟ ಪದ್ಧತಿಯೊಂದಿದೆ. ಬೇರೆ ಮನೆಗಳಲ್ಲಿ ಇದೆಯೋ ಇಲ್ಲವೋ ತಿಳಿಯದು. ಹೊಲದಲ್ಲಿ ಏನೇ ಬಿತ್ತಲಿ, ನಡುನಡುವೆ ಹಾಕುವ ಅಕ್ಕಡಿ ಸಾಲಿನ ತೊಗರಿ ಹೆಣ್ಣುಮಕ್ಕಳದು. ಮದುವೆಯಾಗಿ ಹೋದರೂ ಅದು ಅವರದೇ. ಗಂಡಸರು ಆ ರಾಶಿಯ ಲೆಕ್ಕ ಕೇಳುವಂತಿಲ್ಲ. ಅವ್ವ ಹೋದ ಮೇಲೂ ಅಣ್ಣ ಅದನ್ನು ಮುರಿದಿಲ್ಲ. ಸಂಕ್ರಾಂತಿ ಹಿಂದೆಮುಂದೆ ರಾಶಿ ಮುಗಿದ ಮೇಲೆ ಫೋನು ಮಾಡುತ್ತಾನೆ: ‘ನಿಮ್ಮ ಸಾಲಿಂದು ಚೀಲ ತುಂಬೀನಿ. ಒಯ್ತೀರೋ, ಇಲ್ಲಾ ನಾನೇ ಉಣ್ಣಲೋ?’

ನನ್ನ ಪಾಲನ್ನೂ ಅಕ್ಕನ ಮನೆಗೇ ಕಳಿಸುವಂತೆ ಹೇಳಿದ್ದೆ. ಒಂಟಿ ಜೀವಕ್ಕೆ ಚೀಲಗಟ್ಟಲೆ ತೊಗರಿ ಏಕೆ? ಅಕ್ಕನಿಗೆ ಅದರ ಅಗತ್ಯವಿತ್ತು. ಅವಳ ಮಗಳ ಮದುವೆ ದೀಪಾವಳಿ ಮುಗಿದ ಮೇಲೆ ಎಂದು ನಿಶ್ಚಯವಾಗಿತ್ತು. ಮದುವೆಯ ಖರ್ಚು ಭಾವನದು. ಆದರೆ ಮಗಳ ಕೈಗೆ ಎರಡು ಪಾಟ್ಲಿ ಮಾತ್ರ ತನ್ನ ತೊಗರಿಯಿಂದಲೇ ಆಗಬೇಕೆಂದು ಅಕ್ಕ ಹಟ ಹಿಡಿದಿದ್ದಳು. ಪಾಟ್ಲಿ ಎಂದರೆ ಅಗಲದ ಬಂಗಾರದ ಬಳೆ. ನಮ್ಮ ಕಡೆ ಅವ್ವನ ಕೈಯಿಂದ ಮಗಳ ಕೈಗೆ ಇಳಿಯುವಂಥದ್ದು.

ಅಕ್ಕನ ಕೈಯಲ್ಲಿ ಇಳಿಸಿಕೊಡಲು ಪಾಟ್ಲಿ ಇರಲಿಲ್ಲ. ಇದ್ದವು, ನನಗಾಗಿ ಹೋದವು. ನಾನು ಕಲಬುರಗಿಯಲ್ಲಿ ಎಂ.ಎ. ಸೇರಬೇಕೆಂದಾಗ ಅಪ್ಪ ಕೈಚೆಲ್ಲಿದ್ದ. ಅಕ್ಕ ಮದುವೆಯಲ್ಲಿ ತೊಟ್ಟಿದ್ದ ತನ್ನ ಎರಡು ಪಾಟ್ಲಿ ಮಾರಿ, ಫೀಸು, ಪುಸ್ತಕ, ಹಾಸ್ಟೆಲ್ಲು ಎಲ್ಲ ದಾಟಿಸಿದಳು. ಕೇಳಿದವರಿಗೆ ‘ಬಿಗಿ ಆಗ್ಯಾವ, ಮುರಿಸಾಕ ಕೊಟ್ಟೀನಿ’ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದಳು. ನಾನು ಮರೆತಿರಲಿಲ್ಲ. ಅತಿಥಿ ಉಪನ್ಯಾಸಕಿಯಾಗಿ ವರ್ಷಗಟ್ಟಲೆ ದುಡಿದು, ಪಾಟ್ಲಿ ಮಾರಿದ ಹನ್ನೆರಡು ವರ್ಷದ ನಂತರ ನೌಕರಿ ಕಾಯಂ ಆಗಿ, ಬಾಕಿ ಸಂಬಳ ಒಟ್ಟಿಗೆ ಕೈಗೆ ಬಂದಾಗ ಮಾಡಿದ ಮೊದಲ ಕೆಲಸವೇ ಅದು. ಪಾಟ್ಲಿ ಮಾರಿ ಎಷ್ಟು ಬಂದಿತ್ತೋ ಅಷ್ಟನ್ನೂ, ಒಂದು ರೂಪಾಯಿ ಕಡಿಮೆಯಿಲ್ಲದೆ, ಲಕೋಟೆಯಲ್ಲಿಟ್ಟು ಕೊಳಕೂರಿಗೆ ಹೋಗಿ ಅಕ್ಕನ ಉಡಿಯಲ್ಲಿ ಹಾಕಿದೆ. ಅಕ್ಕ ನಕ್ಕು, ನನ್ನ ಗಲ್ಲ ಸವರಿ, ಸಜ್ಜಕ ಮಾಡಿ ಉಣಿಸಿದಳು. ಬಸ್ಸಿನಲ್ಲಿ ತಿರುಗಿ ಬರುವಾಗ ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಗಿತ್ತು.

ಇರಲಿ, ತೊಗರಿಯ ಮಾತಿಗೆ ಬರುತ್ತೇನೆ.

ಆ ವರ್ಷ ಬೇಸಿಗೆ ಹತ್ತುವ ಹೊತ್ತಿಗೆ ತೊಗರಿಯ ಧಾರಣೆ ಕೈಗೆ ಸಿಗದಂತೆ ಏರಿತು. ಆಳಂದದಲ್ಲಿ ನನ್ನ ಎದುರುಮನೆಯಲ್ಲಿ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ, ಹಿರೋಳ್ಳಿಯವಳು. ಮೂರು ಮಕ್ಕಳನ್ನು ಒಬ್ಬಳೇ ಸಾಕುತ್ತಾಳೆ. ದಿನವಿಡೀ ದೊಡ್ಡ ಹಂಡೆಯಲ್ಲಿ ಬೇಳೆ ಕುದಿಸಿ, ಸಂಜೆ ತನ್ನ ಮನೆಗೆ ಪಾವು ಕಿಲೋ, ಎಂದರೆ ಕಾಲು ಕಿಲೋ, ಬೇಳೆ ಕಟ್ಟಿಸಿಕೊಂಡು ಬರುತ್ತಿದ್ದಳು. ಒಂದು ದಿನ ಕಟ್ಟೆಯ ಮೇಲೆ ಕೂತು ಪೊಟ್ಟಣ ತೋರಿಸಿದಳು.

‘ಮೇಡಂ, ಇದು ನಾಕ್ ದಿನಕ್ಕ ಬರಬೇಕ್ರಿ. ನಮ್ಮ ಮನ್ಯಾಗ ಬ್ಯಾಳಿ ಉಣ್ಣೂದು ಬಿಟ್ಟು ಬ್ಯಾಳಿ ತೊಳದ ನೀರು ಉಣ್ಣಾಕತ್ತೀವಿ. ನೀವು ಕಲಸೂ ಪಾಠದಾಗ ಇದಕ್ಕೇನರ ಅದ ಏನ್ರಿ?’

‘ಅದ. ಸರಕಾರ ಏನರ ಮಾಡ್ತದ ತಡಿ’ ಎಂದೆ. ಹೇಳುವವರಿಗೆ ಏನು, ಬಾಯಿ ಇದೆ.

ಮರುದಿನ ಬೆಳಿಗ್ಗೆ ಅಕ್ಕನ ಫೋನು ಬಂತು. ಎರಡು ವರ್ಷದ ತೊಗರಿ, ಅವಳದೂ ನನ್ನದೂ ಸೇರಿ ಆರು ಚೀಲ, ಟಂಟಂ ಗಾಡಿಗೆ ಹೇರಿಸಿ ಜೇವರ್ಗಿ ಪೇಟೆಗೆ ಹೊರಟಿದ್ದಳು. ಮಹಿಳಾ ಸಂಘದಲ್ಲಿ ಉಳಿಸಿದ್ದನ್ನು ಅದಕ್ಕೆ ಸೇರಿಸಿ, ಬಸವ ಜಯಂತಿಯ ದಿನ ಬಂಗಾರದಂಗಡಿಗೆ ಹೋಗುವ ವಿಚಾರ. ಆ ದಿನವೇ ಅಕ್ಷಯ ತೃತೀಯೆಯೂ ಬರುತ್ತದಲ್ಲ. ‘ಎಲ್ಲಾ ಸರೀ ಹೊಂದತದ ಬೇ, ಎರಡೂ ಪಾಟ್ಲಿ ಆಗ್ತಾವ. ನಿನಗೊಂದು ಮಾತು ಹೇಳಿ ಹೋಗೂಣಂತ ಮಾಡಿದೆ’ ಎಂದಳು.

ಅಕ್ಕ ಕೇಳಿದ್ದು ಸಲಹೆಯನ್ನಲ್ಲ, ಸಂತೋಷ ಹಂಚಿಕೊಳ್ಳಲು ಮಾಡಿದ ಫೋನದು. ಆದರೆ ಇಪ್ಪತ್ತು ವರ್ಷ ಪಾಠ ಹೇಳಿದ ಬಾಯಿ ಸುಮ್ಮನಿರುತ್ತದೆಯೇ?

‘ಅಕ್ಕಾ, ಈಗ ಮಾರಬ್ಯಾಡ. ರೂಪಾಯಿ ಬೀಳಾಕತ್ತದ. ಹೊರಗಿಂದ ತರಸೂ ತೊಗರಿ ಇನ್ನೂ ತುಟ್ಟಿ ಆಗ್ತದ. ಅದು ಏರಿತಂದ್ರ ನಮ್ಮದೂ ಏರತದ. ಪಂಚಮಿ ತನಕ ತಡಿ. ಪಾಟ್ಲಿ ಜೋಡಿ ಒಂದು ಉಂಗರಾನೂ ಬರ್ತದ.’

‘ಗಾಡಿ ನಿಂತದಲ್ಲ ಬೇ ಬಾಗಲದಾಗ.’

‘ಇಳಸಂತ ಹೇಳು. ನಾ ಓದೀದ್ದು ಸುಳ್ಳಲ್ಲಕ್ಕಾ.’

ಅತ್ತ ಕಡೆ ಅಕ್ಕ ಫೋನು ಕಿವಿಗಿಟ್ಟುಕೊಂಡೇ ಗಾಡಿಯವನಿಗೆ ಕೂಗಿದ್ದು ಕೇಳಿಸಿತು: ‘ಇಳಸಪಾ ಎಲ್ಲಾ. ನಮ್ಮ ತಂಗಿ ಬ್ಯಾಡಂದಾಳ.’

ಅಕ್ಕ ಏನನ್ನೂ ಅರ್ಧಕ್ಕೆ ಮಾಡುವವಳಲ್ಲ. ನಾಗರಪಂಚಮಿಯ ತನಕ ಎಂದರೆ ಮಳೆಗಾಲ ನಡುವೆ ಬರುತ್ತದೆ, ಮಳೆಗಾಲ ಬಂದರೆ ತೊಗರಿಗೆ ನುಸಿ ಬೀಳುತ್ತದೆ. ಬೇವಿನ ಸೊಪ್ಪು, ಬೂದಿ ಹಾಕಿ ಅಷ್ಟು ದಿನ ಕಾಯ್ದದ್ದು ಇನ್ನು ಸಾಲದೆಂದು ಅವ್ವನ ರೂಢಿಯನ್ನು ನೆನಪಿಸಿಕೊಂಡಳು. ಅವ್ವ ಬಿತ್ತನೆಯ ತೊಗರಿಗೆ ಕೆಮ್ಮಣ್ಣಿನ ರಾಡಿ ಹಚ್ಚಿ, ಬಿಸಿಲಿಗೆ ಒಣಗಿಸಿ ಇಡುತ್ತಿದ್ದಳು. ಒಂದು ಹುಳ ಸುಳಿಯುತ್ತಿರಲಿಲ್ಲ. ಕೊಳಕೂರಿನ ಎರೆಭೂಮಿಯಲ್ಲಿ ಕೆಮ್ಮಣ್ಣು ಎಲ್ಲಿಂದ ಬರಬೇಕು? ಗೋಡೆಗೆ ಸಾರಿಸಲೆಂದು ಮಾರುವವರಿಂದ ಬುಟ್ಟಿಗಟ್ಟಲೆ ಕೊಂಡು, ಮೂರು ದಿನ ಮಾಳಿಗೆಯ ಮೇಲೆ ಸೊಂಟ ಮುರಿಯುವಂತೆ ದುಡಿದು, ಆರೂ ಚೀಲದ ತೊಗರಿಗೆ ಮಣ್ಣು ಹಚ್ಚಿದಳು. ಮಾಳಿಗೆ ತುಂಬ ಕೆಂಪಗೆ ಹರಡಿದ ತೊಗರಿಯ ಫೋಟೋ ಮಗಳ ಮೊಬೈಲಿನಿಂದ ನನಗೆ ಕಳಿಸಿದಳು. ‘ಭೇಷ್ ಅಕ್ಕಾ’ ಎಂದು ನಾನು ಉತ್ತರ ಕಳಿಸಿದೆ. ಅವ್ವ ಹಾಗೆ ಇಡುತ್ತಿದ್ದುದು ಬಿತ್ತಲಿಕ್ಕೆ, ಮಾರಲಿಕ್ಕಲ್ಲ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ.

ಮುಂದೆ ನಡೆದದ್ದೆಲ್ಲ ನನ್ನ ಬೋರ್ಡಿನ ಮೇಲೆ ಬರೆದಂತೆಯೇ ನಡೆಯಿತು. ತೊಗರಿಯ ಗೋದಾಮುಗಳಿಗೆ ಮಿತಿ ಬಂತು. ಸುಂಕವಿಲ್ಲದೆ ಹೊರದೇಶದ ತೊಗರಿ ಬಂದರಿಗೆ ಇಳಿಯಿತು. ಸರಕಾರ ತನ್ನ ದಾಸ್ತಾನನ್ನೂ ಪೇಟೆಗೆ ಬಿಟ್ಟಿತು. ಪಂಚಮಿಯ ಹೊತ್ತಿಗೆ ಧಾರಣೆ ಮೆಟ್ಟಿಲು ಇಳಿದಂತೆ ಇಳಿಯಿತು. ಬಂಗಾರ ಮಾತ್ರ ಇಳಿಯಲಿಲ್ಲ. ರೂಪಾಯಿ ಸೊರಗಿದ್ದರಿಂದ ಒಂದು ಏರಿಕೆ, ಅದರ ಮೇಲೆ ಸುಂಕ. ರೂಪಾಯಿ ಬಿದ್ದರೆ ತೊಗರಿ ಏರುತ್ತದೆ ಎಂಬಲ್ಲಿಯ ತನಕ ಸರಿಯಾಗಿಯೇ ಲೆಕ್ಕ ಹಾಕಿದ್ದ ನಾನು, ನಾನು ಓದಿದ ಪಾಠವನ್ನೇ ಸರಕಾರವೂ ಓದಿರುತ್ತದೆ ಎಂಬುದನ್ನು ಮರೆತಿದ್ದೆ. ಐದು ಅಂಶ ಕಲಿಸುವವಳು ಅಕ್ಕನಿಗೆ ಬರೀ ಬಾಣ ತೋರಿಸಿದ್ದೆ.

ಪಂಚಮಿ ಮುಗಿದ ವಾರ ನಾನೇ ರಜೆ ಹಾಕಿ ಹೋದೆ. ಇಬ್ಬರೂ ಒಂದು ಚೀಲ ಮಾದರಿಗೆಂದು ಹೇರಿಸಿಕೊಂಡು ಜೇವರ್ಗಿ ಪೇಟೆಯಲ್ಲಿ ಕಾಳು ಕೊಳ್ಳುವ ಅಡತಿ ಅಂಗಡಿಗೆ ಹೋದೆವು. ಅಂಗಡಿಯ ಹಿರಿಯ ಒಂದು ಹಿಡಿ ತೊಗರಿ ಎತ್ತಿ ಅಂಗೈಯಲ್ಲಿ ತಿಕ್ಕಿದ. ಅಂಗೈ ಕೆಂಪಾಯಿತು.

‘ಏನ್ರೆವ್ವ ಇದು, ಮಣ್ಣು ಹಚ್ಚೀರಿ?’

‘ನುಸಿ ಬೀಳಬಾರದಂತ ರೀ’ ಎಂದಳು ಅಕ್ಕ.

‘ಬಿತ್ತಾಕ ಚಲೋ ಅದ. ಮಿಲ್ಲಿನವರು ಇದನ್ನ ಮುಟ್ಟಂಗಿಲ್ಲ. ತಗೊಂಡ್ರೂ ಮಣ್ಣಿಂದು ಅಂತ ತೂಕದಾಗ ಹಿಡಿತಾರ, ಧಾರಣಿಯಾಗೂ ಹಿಡಿತಾರ. ಅದರಾಗ ಈಗ ನಾವೂ ಹೆಚ್ಚು ಇಡಂಗಿಲ್ಲರಿ, ಎಷ್ಟದ ಅಂತ ವಾರವಾರ ಕಂಪ್ಯೂಟರಿನ್ಯಾಗ ತೋರಿಸಬೇಕು. ಬ್ಯಾಸಿಗ್ಯಾಗ ಯಾಕ ತರಲಿಲ್ರಿ? ಅವಾಗ ಕಣ್ಣು ಮುಚ್ಚಿ ತಗೋತಿದ್ದೆ.’

ಅಕ್ಕ ನನ್ನ ಕಡೆ ನೋಡಲಿಲ್ಲ. ಅದೇ ಹೆಚ್ಚು ಚುಚ್ಚಿತು. ‘ಕೆಲಸ ಇತ್ತು ರೀ, ಬರಾಕ ಆಗಲಿಲ್ಲ’ ಎಂದು ಚೀಲದ ಬಾಯಿ ಕಟ್ಟಿದಳು. ಪಾಟ್ಲಿ ಮುರಿಸಲು ಕೊಟ್ಟಿದ್ದೇನೆ ಎಂದು ಹೇಳಿಕೊಂಡು ತಿರುಗಿದ್ದಳಲ್ಲ, ಅದೇ ದನಿ.

ಆಳಂದಕ್ಕೆ ತಿರುಗಿ ಬರುವಾಗ ದಾರಿಯುದ್ದಕ್ಕೂ ಸರಕಾರವನ್ನು ಬೈದೆ. ಪೇಟೆಯವರಿಗೆ ಅಗ್ಗದ ಬೇಳೆ ಸಿಗಲಿ ಎಂದು ಅಕ್ಕನಂಥವರ ಕೈ ಕಟ್ಟುವುದು ಯಾವ ನ್ಯಾಯ? ಬಸ್ಸು ಇಳಿದರೂ ಸಿಟ್ಟು ಇಳಿದಿರಲಿಲ್ಲ. ಮನೆಯ ಬೀಗ ತೆಗೆಯುವಷ್ಟರಲ್ಲಿ ಎದುರುಮನೆಯವಳು ಬಟ್ಟಲು ಹಿಡಿದು ಬಂದಳು. ಬಟ್ಟಲಲ್ಲಿ ಗಟ್ಟಿ ಬೇಳೆ, ಮೇಲೆ ಬಳ್ಳೊಳ್ಳಿ ಒಗ್ಗರಣೆ.

‘ಉಣ್ರಿ ಮೇಡಂ. ನೀವು ಹೇಳಿದಂಗೇ ಆತು ನೋಡ್ರಿ, ಸರಕಾರ ಇಳಸ್ತು. ನನ್ನ ಸಣ್ಣ ಹುಡಗಿ ಎರಡ ಸಲ ನೀಡಿಸಿಕೊಂಡು ಉಂಡಾಳ.’

ಅವಳ ಮುಖದಲ್ಲಿದ್ದ ಸಂತೋಷ ನೋಡಿ ನಾನು ಸಂತೋಷಪಡಬೇಕೋ, ಅಳಬೇಕೋ? ಬೇಳೆ ಉಂಡೆ. ರುಚಿಯಾಗಿತ್ತು. ಅಷ್ಟು ಹೊತ್ತು ಬೈದ ಬೈಗುಳವನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಕೂತೆ. ಧಾರಣೆ ಇಳಿಸದಿದ್ದರೆ ಈ ಮೂರು ಮಕ್ಕಳು ಬೇಳೆ ತೊಳೆದ ನೀರು ಉಣ್ಣಬೇಕಿತ್ತು. ಇಳಿಸಿದ್ದಕ್ಕೆ ನನ್ನ ಅಕ್ಕನ ಮಗಳ ಕೈಯ ಪಾಟ್ಲಿ ಹೋಯಿತು. ಸರಕಾರ ತಪ್ಪು ಮಾಡಿತು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆದರೆ ಬೆಲೆ ಸ್ಥಿರವಾಯಿತು ಎಂದು ಬೋರ್ಡಿನ ಮೇಲೆ ಬರೆಯುವಾಗ, ಯಾರ ಮನೆಯಿಂದ ತೆಗೆದು ಸ್ಥಿರ ಮಾಡಿದರು ಎಂದು ಒಂದು ಸಾಲು ಸೇರಿಸಬೇಕು ಎನಿಸಿತು. ಅದಕ್ಕೆ ಅಂಕವಿಲ್ಲ.

ದಾರಿ ತೋರಿಸಿದವಳೂ ಆ ಎದುರುಮನೆಯವಳೇ. ಕೆಮ್ಮಣ್ಣಿನ ಕತೆ ಕೇಳಿ ನಕ್ಕುಬಿಟ್ಟಳು. ‘ಮಣ್ಣು ಹಚ್ಚಿದ ತೊಗರಿ ಅಂದ್ರ ಬೀಸೂಕಲ್ಲಿಗಿ ಹಾಕಾಕ ತಯಾರಾದಂಗ ಅಲ್ಲೇನ್ರಿ! ನಮ್ಮ ಆಯಿ ಮಣ್ಣು ಹಚ್ಚೇ ಒಡೀತಿದ್ಲು. ಸಿಪ್ಪಿ ಸರಳ ಬಿಡತದ. ಆ ಬ್ಯಾಳಿ ರುಚಿ ಮಿಲ್ಲಿನ ಬ್ಯಾಳಿಗಿ ಎಲ್ಲಿ ಬರಬೇಕ್ರಿ?’

ದಸರೆಯ ರಜೆಯಲ್ಲಿ ಕೊಳಕೂರಿನಲ್ಲಿ ಅದೇ ಕೆಲಸ. ಅಕ್ಕ, ಅವಳ ಮಗಳು, ನಾನು. ಹಳೆಯ ಬೀಸುಕಲ್ಲಿನ ಗೂಟ ಹಿಡಿದು ತಿರುವಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. ಕೆಂಪು ಧೂಳು ಹುಬ್ಬು, ಕೂದಲು, ಮೂಗಿನ ಒಳಗೆಲ್ಲ ಸೇರಿತು. ‘ಪ್ರೊಫೆಸರಬಾಯಿ ಈಗ ನೋಡು ಹ್ಯಾಂಗ ಕಾಣತಾಳ’ ಎಂದು ಅಕ್ಕ ಮಗಳಿಗೆ ತೋರಿಸಿ ನಗುತ್ತಿದ್ದಳು. ಹಾಗೆ ಒಡೆದ ಬೇಳೆಯನ್ನು ಆಳಂದಕ್ಕೆ ತಂದು, ನನ್ನ ಜೊತೆಯ ಉಪನ್ಯಾಸಕರ ಮನೆಗಳಿಗೆ, ಹಾಸ್ಟೆಲಿನವರಿಗೆ, ಓಣಿಯವರಿಗೆ ಕಿಲೋ ಲೆಕ್ಕದಲ್ಲಿ ಮಾರಿದೆವು. ಮಾರಲು ಅಕ್ಕನೇ ಬಂದು ನನ್ನ ಪಡಸಾಲೆಯಲ್ಲಿ ಕೂತಳು.

ಎದುರುಮನೆಯವಳು ಬಂದು ಮೊದಲಿನ ರೂಢಿಯಂತೆ ‘ಪಾವು ಕಿಲೋ ಕೊಡ್ರಿ’ ಎಂದಳು.

‘ಬ್ಯಾಸಿಗ್ಯಾಗ ಎಷ್ಟು ಒಯ್ತಿದ್ದಿ?’ ಎಂದು ಅಕ್ಕ ಕೇಳಿದಳು.

‘ಆವಾಗೂ ಇಷ್ಟೇರಿ. ನಾಕ್ ದಿನ ಬರಸ್ತಿದ್ದೆ.’

ಅಕ್ಕ ಕೈಯಲ್ಲಿದ್ದ ಸೇರನ್ನು ನೋಡುತ್ತ ಕೂತಳು. ಬೇಸಿಗೆಯಲ್ಲಿ ಧಾರಣೆ ಇನ್ನೂ ಏರಲಿ ಎಂದು ಮನೆಯ ದೇವರ ಜಗುಲಿಯ ಮುಂದೆ ಕೂತು ಲಿಂಗಪೂಜೆಯ ಹೊತ್ತಿನಲ್ಲೂ ಬೇಡಿಕೊಂಡಿದ್ದಳಂತೆ, ಆಮೇಲೆ ನನಗೆ ಹೇಳಿದಳು. ಆಗ ಒಂದು ಕಿಲೋ ತುಂಬಿ ಕೊಟ್ಟು, ಪಾವು ಕಿಲೋದ ಹಣ ತೆಗೆದುಕೊಂಡಳು.

ಬೇಳೆ ಮಾರಿದ್ದರಿಂದ ಮಣ್ಣಿನ ತೊಗರಿಗೆ ಸಿಗುತ್ತಿದ್ದುದಕ್ಕಿಂತ ಚೆನ್ನಾಗಿಯೇ ಬಂತು. ಆದರೆ ಬೇಸಿಗೆಯ ಮಟ್ಟ ಮುಟ್ಟಲಿಲ್ಲ. ದೀಪಾವಳಿ ಮುಗಿದು ಮದುವೆ ಹತ್ತಿರ ಬಂದಾಗ ನಾವಿಬ್ಬರೂ ಬಂಗಾರದಂಗಡಿಗೆ ಹೋದೆವು. ಅಂಗಡಿಯವನು ಲೆಕ್ಕ ಹಾಕಿ, ಇಷ್ಟರಲ್ಲಿ ಒಂದು ಪಾಟ್ಲಿ ಆಗುತ್ತದೆ, ಎರಡು ಆಗುವುದಿಲ್ಲ ಎಂದ. ಒಂದೇ ಪಾಟ್ಲಿ ಯಾರು ತೊಡುತ್ತಾರೆ?

‘ಇನ್ನೊಂದು ಕೈಗೆ ಒಂದು ಗ್ರಾಮಿಂದು ಹಾಕಿದರಾತು, ದೂರದಿಂದ ಯಾರಿಗಿ ಗೊತ್ತಾಗತದ?’ ಎಂದಳು ಅಕ್ಕ. ಒಂದು ಗ್ರಾಮಿನದು ಎಂದರೆ ಬರೀ ಬಂಗಾರದ ನೀರು ಕುಡಿಸಿದ ಬಳೆ.

‘ನಿಮಗ ಬೇಕಾದದ್ದು ಎಷ್ಟು ತೊಲಿದು?’ ಎಂದು ಅಂಗಡಿಯವನು ಕೇಳಿದ.

‘ನನ್ನವು ಎರಡೂ ಸೇರಿ ಎರಡು ತೊಲಿ ಇದ್ದವಪಾ. ಅಷ್ಟೇ ಇರಲಿ ಅಂತಿತ್ತು’ ಎಂದಳು ಅಕ್ಕ.

ಎರಡು ತೊಲಿ. ಅವನು ಕ್ಯಾಲ್ಕುಲೇಟರ್ ಒತ್ತಿ ನಮ್ಮ ಕಡೆ ತಿರುಗಿಸಿದ. ಆ ಅಂಕಿಯನ್ನು ನೋಡುತ್ತಲೇ ನನ್ನ ಕಿವಿ ಬಿಸಿಯಾದವು. ನಾನು ಲಕೋಟೆಯಲ್ಲಿಟ್ಟು ಅಕ್ಕನ ಉಡಿಗೆ ಹಾಕಿದ ಹಣ ನೆನಪಾಯಿತು. ಅದರಿಂದ ಈಗ ಒಂದು ಉಂಗುರವೂ ಬರುವುದಿಲ್ಲ. ಈಗಿನ ಮಾತು ಇರಲಿ, ಕೊಟ್ಟ ದಿನವೂ ಅದರಿಂದ ಒಂದು ಪಾಟ್ಲಿಯ ಕಾಲು ಭಾಗ ಬರುತ್ತಿತ್ತೋ ಇಲ್ಲವೋ. ನನಗೆ ಅದು ಗೊತ್ತಿರಬೇಕಿತ್ತು. ಏಕೆಂದರೆ ಅದೇ ಬಾಕಿ ಸಂಬಳದಲ್ಲಿ, ಅದೇ ವಾರ, ನಾನು ನನಗೂ ಎರಡು ಪಾಟ್ಲಿ ಕೊಂಡಿದ್ದೆ. ನನ್ನ ಪಾಟ್ಲಿಯ ರಸೀದಿಯೂ ಅಕ್ಕನ ಲಕೋಟೆಯೂ ಒಂದೇ ಚೀಲದಲ್ಲಿದ್ದವು. ಹಣದ ಅಂಕಿ ಬೇರೆ, ಹಣದ ಬೆಲೆ ಬೇರೆ ಎಂದು ವರ್ಷವರ್ಷ ಬೋರ್ಡಿನ ಮೇಲೆ ಬರೆದವಳು, ಹನ್ನೆರಡು ವರ್ಷ ಸವೆದ ರೂಪಾಯಿಯನ್ನು ಅಕ್ಕನಿಗೆ ಕೊಟ್ಟು ಎದೆ ಉಬ್ಬಿಸಿ ಬಂದಿದ್ದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಕೈಯಲ್ಲಿದ್ದ ಪಾಟ್ಲಿಗಳನ್ನು ಕಳಚಲು ಹೋದೆ. ಬಿಗಿಯಾಗಿದ್ದವು. ಅಂಗಡಿಯವನು ಎಣ್ಣೆ ತರಿಸಿದ. ಕಳಚಿ ತಕ್ಕಡಿಯ ಮೇಲಿಟ್ಟೆ. ಒಂದೂ ಮುಕ್ಕಾಲು ತೊಲಿ ತೋರಿಸಿತು.

‘ಏನು ಮಾಡಾಕತ್ತಿ?’ ಎಂದಳು ಅಕ್ಕ.

‘ಅಕ್ಕಾ, ಅವತ್ತು ನಿನ್ನ ಉಡ್ಯಾಗ ಹಾಕಿದ್ದು...’ ಎಂದು ಶುರು ಮಾಡಿದೆ. ಕಣ್ಣು ತುಂಬಿದವು.

ಅಕ್ಕ ಪಾಟ್ಲಿಗಳನ್ನು ಎತ್ತಿಕೊಂಡು, ತನ್ನ ಸೆರಗಿನಿಂದ ಎಣ್ಣೆ ಒರೆಸಿದಳು. ‘ನಂಗ ಗೊತ್ತಿತ್ತು ಬೇ. ನೀ ಕೊಟ್ಟ ದಿನಾನೇ ಗೊತ್ತಿತ್ತು. ನಿನ್ನ ಕೈ ನೋಡಿದ್ದೆ.’

‘ಮತ್ತ ಅವತ್ತೇ ಯಾಕ ಹೇಳಲಿಲ್ಲ?’

‘ಹ್ಯಾಂಗ ಹೇಳಲಿ? ನೀ ಅವತ್ತ ಭಾಳ ಖುಷಿಯಾಗಿದ್ದಿ.’

ಅಂಗಡಿಯವನು ಆ ಪಾಟ್ಲಿಗಳನ್ನೇ ಸಣ್ಣ ಕೈಗೆ ಸರಿಮಾಡಿಸಿ ಕೊಡುವುದಾಗಿ ಹೇಳಿದ. ಅಕ್ಕ ತೊಗರಿಯ ಹಣ ಸೆರಗಿನ ಗಂಟಿನಿಂದ ಬಿಚ್ಚಿ ಅವನ ಮುಂದಿಟ್ಟು, ಕಡಿಮೆ ಬಿದ್ದ ಪಾವು ತೊಲಿಯನ್ನು ಅದರಲ್ಲಿ ಸೇರಿಸು ಎಂದಳು. ಉಳಿದದ್ದನ್ನು ಮಡಚಿ ನನ್ನ ಕೈಯಲ್ಲಿ ಇಟ್ಟಳು. ಬೇಡವೆಂದೆ, ಕೇಳಲಿಲ್ಲ.

‘ಹಸಿರು ಬಳಿ ಹಾಕಿಕೋ ನಡಿ, ಬರಿ ಕೈಲೇ ಮದುವಿಗಿ ಬರಬ್ಯಾಡ’ ಎಂದು ನನ್ನನ್ನು ಬಳೆಗಾರ್ತಿಯ ಅಂಗಡಿಗೆ ಎಳೆದುಕೊಂಡು ಹೋದಳು.